ಮೂಗಿಗೆ ಹೊಡೆಯುವ ಹುಳಿ, ನಾಲಿಗೆಯ ಹುಳಿ: ಫ್ಲಾಂಡರ್ಸ್‌ನ ಕೆಂಪು ಬಿಯರ್ ರುಚಿ ನೋಡುವ ಬಗೆ

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಎರಡು ವರ್ಷದಿಂದ ಬೆಲ್ಜಿಯಂನ ಗೆಂಟ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಆಫೀಸಿನ ಗೆಳೆಯರೊಬ್ಬರು ಹುಟ್ಟುಹಬ್ಬಕ್ಕೆ ರೋಡನ್‌ಬಾಖ್ ಗ್ರಾಂಡ್ ಕ್ರೂ ಬಿಯರಿನ ಬಾಟಲಿ ಕೊಟ್ಟರು, ಮರದ ಪೀಪಾಯಿಯಲ್ಲಿ ಎರಡು ವರ್ಷ ಇಟ್ಟಿದ್ದು ಅಂದರು. ಫ್ರಿಜ್‌ನಿಂದ ತೆಗೆದು, ಚಾಕೊಲೇಟ್ ತಿನ್ನುತ್ತಾ ಕುಡಿದೆ. ಮೊದಲ ಗುಟುಕಿಗೇ ವಿನೆಗರ್ ಕುಡಿದ ಹಾಗಾಯಿತು. ಉಳಿದ ಅರ್ಧ ಬಾಟಲಿ ಮುಚ್ಚಿ ಫ್ರಿಜ್‌ನಲ್ಲೇ ಇಟ್ಟಿದ್ದೇನೆ. ಬೆಂಗಳೂರಿನ ಬ್ರೂಪಬ್‌ನಲ್ಲಿ ಹುಳಿ ಬಿಯರ್ ಕುಡಿದು ಇಷ್ಟಪಟ್ಟಿದ್ದೆ, ಆದರೆ ಇದು ಹಾಗಿಲ್ಲ. ಬಾಟಲಿ ಕೆಟ್ಟಿದೆಯಾ? ಕೆಟ್ಟಿಲ್ಲ ಅಂದರೆ ಇದನ್ನು ಹೇಗೆ ಕುಡಿಯಬೇಕು, ಏನನ್ನು ಗಮನಿಸಬೇಕು?

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಬಾಟಲಿ ಕೆಟ್ಟಿಲ್ಲ. ಆ ಬಿಯರ್‌ನಲ್ಲಿ ವಿನೆಗರ್‌ನ ಅಂಶ ಸ್ವಲ್ಪ ಇದ್ದೇ ಇರುತ್ತದೆ, ಇರಬೇಕು ಕೂಡ. ಆದರೆ ಅದೊಂದೇ ಸಿಕ್ಕಿತು ಅಂದರೆ ತಪ್ಪಾಗಿದ್ದು ಎರಡು ಕಡೆ. ಒಂದು, ಫ್ರಿಜ್‌ನ ಚಳಿ. ಇನ್ನೊಂದು, ಚಾಕೊಲೇಟ್. ತುಂಬಾ ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಸರಿಯಾಗಿ ತಿಳಿಯುವುದಿಲ್ಲ, ಮೂಗಿಗೆ ಹಣ್ಣಿನ ಘಮವೂ ಏಳುವುದಿಲ್ಲ, ಹುಳಿ ಮತ್ತು ಒಗರು ಮಾತ್ರ ಮುಂದೆ ಬಂದು ನಿಲ್ಲುತ್ತವೆ. ಅದರ ಮೇಲೆ ಬಾಯಲ್ಲಿ ಸಿಹಿ ಚಾಕೊಲೇಟ್. ಮೈಸೂರ್ ಪಾಕ್ ತಿಂದು ಕಿತ್ತಳೆ ತಿಂದು ನೋಡಿ, ಎಷ್ಟೇ ಸಿಹಿ ಕಿತ್ತಳೆಯಾದರೂ ಮುಖ ಹುಳ್ಳಗಾಗುತ್ತದೆ ಅಲ್ವಾ? ಅದೇ ಇಲ್ಲೂ ಆಗಿದೆ. ಬಿಯರ್‌ನಲ್ಲಿ ಇದ್ದ ಸಿಹಿಯನ್ನು ಚಾಕೊಲೇಟ್ ನುಂಗಿಬಿಟ್ಟಿದೆ.

ಈಗ ಬೆಂಗಳೂರಿನ ಬಿಯರ್‌ಗೂ ಇದಕ್ಕೂ ಇರುವ ವ್ಯತ್ಯಾಸ. ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು, ಏಕೆಂದರೆ ಉತ್ತರದ ಬೀಗದ ಕೈ ಇಲ್ಲೇ ಇದೆ. ಬ್ರೂಪಬ್‌ಗಳಲ್ಲಿ ಸಿಗುವ ಹುಳಿ ಬಿಯರ್ ಹೆಚ್ಚಾಗಿ ಕೆಟಲ್ ಸೋರ್. ಅಂದರೆ, ಕಹಿಗಾಗಿ ಹಾಕುವ ಹಾಪ್ಸ್ ಹೂವನ್ನು ಹಾಕುವುದಕ್ಕೂ ಮೊದಲೇ, ಮಾಲ್ಟ್‌ನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಸಿಹಿ ನೀರಿಗೆ ಲ್ಯಾಕ್ಟೊಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಬಿಟ್ಟು, ಒಂದೆರಡು ದಿನ ಬೆಚ್ಚಗೆ ಇಟ್ಟು ಹುಳಿ ಬರಿಸುತ್ತಾರೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಆಮೇಲೆ ಕುದಿಸಿ ಬ್ಯಾಕ್ಟೀರಿಯಾವನ್ನು ಸಾಯಿಸಿ, ಯೀಸ್ಟ್ ಹಾಕಿ ಬಿಯರ್ ಮಾಡುತ್ತಾರೆ. ಅಲ್ಲಿರುವುದು ಮುಖ್ಯವಾಗಿ ಒಂದೇ ಹುಳಿ, ಮೊಸರಿನ ಹುಳಿ. ಲ್ಯಾಕ್ಟಿಕ್ ಆಮ್ಲ. ನೀವು ಗೆಂಟ್‌ನಲ್ಲಿ ಕುಡಿದದ್ದರಲ್ಲಿ ಎರಡು ಹುಳಿ ಇವೆ. ಮೊಸರಿನ ಹುಳಿ ಜೊತೆಗೆ ವಿನೆಗರ್‌ನ ಹುಳಿ, ಅಂದರೆ ಅಸೆಟಿಕ್ ಆಮ್ಲ. ಈ ಎರಡನ್ನು ಬಾಯಲ್ಲಿ ಬೇರೆ ಬೇರೆಯಾಗಿ ಗುರುತಿಸಲು ಬಂದುಬಿಟ್ಟರೆ ಈ ಜಾತಿಯ ಬಿಯರ್ ನಿಮಗೆ ಅರ್ಧ ತಿಳಿದ ಹಾಗೆ. ಉಳಿದ ಅರ್ಧ ತಾನಾಗಿ ಬರುತ್ತದೆ.

ಗುರುತಿಸುವುದು ಕಷ್ಟವೇನಲ್ಲ. ವಿನೆಗರ್‌ನ ಹುಳಿ ಗಾಳಿಗೆ ಏಳುತ್ತದೆ, ಹಾಗಾಗಿ ಮೂಗಿಗೆ ಹೊಡೆಯುತ್ತದೆ. ಲ್ಯಾಕ್ಟಿಕ್ ಹುಳಿ ಏಳುವುದಿಲ್ಲ, ಅದಕ್ಕೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ, ನಾಲಿಗೆಗೆ ತಾಗಿದ ಮೇಲೆಯೇ ಗೊತ್ತಾಗುವುದು. ಮೊಸರಿಗೆ ಘಮ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ಆದರೆ ಅದು ಮೊಸರಿನಲ್ಲಿರುವ ಬೇರೆ ಪದಾರ್ಥಗಳ ಘಮ, ಹುಳಿಯದ್ದಲ್ಲ.

ನಾನು ಬ್ರೂಯಿಂಗ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಹಿರಿಯರೊಬ್ಬರು ಬಿಯರ್ ಮುಟ್ಟಿಸದೆ ಒಂದು ಇಡೀ ಬೆಳಿಗ್ಗೆ ಬರೀ ನೀರು ಕುಡಿಸಿದರು. ಅವತ್ತು ಕಲಿತದ್ದು ಇವತ್ತಿಗೂ ಕೈಬಿಟ್ಟಿಲ್ಲ. ನೀವೂ ಮನೆಯಲ್ಲಿ ಮಾಡಿ. ನಾಲ್ಕು ಲೋಟ ತೆಗೆದುಕೊಳ್ಳಿ. ಒಂದರಲ್ಲಿ 250 ಮಿಲಿ ನೀರಿಗೆ ಒಂದು ಟೀ ಚಮಚ ಬಿಳಿ ವಿನೆಗರ್. ಎರಡನೆಯದರಲ್ಲಿ ಹುಳಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದಾಗ ಇಳಿಯುವ ತಿಳಿ ನೀರು ಮೂರು ದೊಡ್ಡ ಚಮಚ, ಉಳಿದದ್ದು ನೀರು. ಮೂರನೆಯದರಲ್ಲಿ ಹಾಲು ಸಕ್ಕರೆ ಇಲ್ಲದ, ಗಟ್ಟಿಯಾಗಿ ಕಾಸಿ ಆರಿಸಿದ ಟೀ. ನಾಲ್ಕನೆಯದರಲ್ಲಿ ಮತ್ತೆ ಅದೇ ಅಳತೆಯ ವಿನೆಗರ್ ನೀರು, ಆದರೆ ಎರಡು ಚಮಚ ಸಕ್ಕರೆ ಕರಗಿಸಿ. ಮೊದಲು ಮೂಗು ಹಿಡಿದುಕೊಂಡು ಒಂದನೆಯದನ್ನೂ ಎರಡನೆಯದನ್ನೂ ಒಂದೊಂದು ಗುಟುಕು ಕುಡಿಯಿರಿ. ಎರಡೂ ಹುಳಿ, ಅಷ್ಟೇ, ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಈಗ ಮೂಗು ಬಿಡಿ. ಒಂದನೆಯದು ತಟ್ಟನೆ ಮೂಗಿನ ಹಿಂಬದಿಯಿಂದ ಮೇಲೇರುತ್ತದೆ, ಗಂಟಲಲ್ಲಿ ಸಣ್ಣ ಉರಿ ಬಿಡುತ್ತದೆ. ಎರಡನೆಯದು ದುಂಡಗೆ, ಮೆತ್ತಗೆ ನಾಲಿಗೆಯ ಮೇಲೆಯೇ ಕೂತಿರುತ್ತದೆ, ಬಾಯಲ್ಲಿ ನೀರೂರಿಸುತ್ತದೆ. ಮೂರನೆಯದು ಹುಳಿಯೇ ಅಲ್ಲ, ಅದು ಒಗರು. ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ಒಣಗಿ ಹಿಡಿದುಕೊಂಡ ಹಾಗಾಗುತ್ತದಲ್ಲ, ಅದು. ನಾಲ್ಕನೆಯದನ್ನು ಕುಡಿದಾಗ ನಿಮಗೆ ಆಶ್ಚರ್ಯ ಆಗುತ್ತದೆ. ವಿನೆಗರ್ ಅಷ್ಟೇ ಇದೆ, ಒಂದು ಹನಿಯೂ ಕಡಿಮೆ ಮಾಡಿಲ್ಲ, ಆದರೂ ಹುಳಿ ಅರ್ಧಕ್ಕೆ ಇಳಿದ ಹಾಗಿರುತ್ತದೆ. ಗೊಜ್ಜಿಗೆ ಹುಣಸೆ ಜಾಸ್ತಿಯಾದಾಗ ಅಮ್ಮ ಹುಣಸೆ ತೆಗೆಯುವುದಿಲ್ಲ, ಬೆಲ್ಲ ಹಾಕುತ್ತಾರೆ. ನಿಮ್ಮ ಬಾಟಲಿ ಬಂದಿರುವ ಫ್ಲಾಂಡರ್ಸ್‌ನಲ್ಲಿ, ಅಂದರೆ ಬೆಲ್ಜಿಯಂನ ಉತ್ತರ ಭಾಗದಲ್ಲಿ, ಬಿಯರ್ ಮಾಡುವವರು ಮಾಡುವುದೂ ಇದನ್ನೇ, ಅವರು ಬೆಲ್ಲದ ಬದಲು ಎಳೆಯ ಬಿಯರ್ ಬೆರೆಸುತ್ತಾರೆ.

ಅದು ಹೇಗೆ ಅನ್ನುವುದಕ್ಕೆ ರೂಸೆಲಾರೆಗೆ ಹೋಗಬೇಕು. ಪಶ್ಚಿಮ ಫ್ಲಾಂಡರ್ಸ್‌ನ ಆ ಊರಿನಲ್ಲಿ ರೋಡನ್‌ಬಾಖ್ ಕುಟುಂಬ ಬಿಯರ್ ವ್ಯವಹಾರ ಶುರುಮಾಡಿದ್ದು 1821ರಲ್ಲಿ. ಅಲೆಕ್ಸಾಂಡರ್ ರೋಡನ್‌ಬಾಖ್ ಮತ್ತು ಒಡಹುಟ್ಟಿದವರು ಸೇರಿ. ಅಲೆಕ್ಸಾಂಡರ್‌ಗೆ ಚಿಕ್ಕಂದಿನಲ್ಲೇ ಕಣ್ಣು ಹೋಗಿತ್ತು, ಆದರೂ ಬೆಲ್ಜಿಯಂ ಸ್ವತಂತ್ರ ದೇಶವಾದಾಗ ಅದರ ಮೊದಲ ರಾಷ್ಟ್ರೀಯ ಸಭೆಯಲ್ಲಿ ಕೂತವರಲ್ಲಿ ಅವರೂ ಒಬ್ಬರು. ಆದರೆ ಇವತ್ತಿನ ಈ ರುಚಿಗೆ ರೂಪ ಕೊಟ್ಟವರು ಅದೇ ಮನೆತನದ ಮುಂದಿನ ತಲೆಮಾರಿನ ಯುಜೀನ್ ರೋಡನ್‌ಬಾಖ್. 1870ರ ದಶಕದಲ್ಲಿ ಅವರು ಇಂಗ್ಲೆಂಡಿಗೆ ಹೋದರು. ಅಲ್ಲಿ ಪೋರ್ಟರ್ ಎಂಬ ಕಡುಗಂದು ಬಿಯರನ್ನು ದೊಡ್ಡ ಓಕ್ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇಟ್ಟು, ಹಳೆಯದಕ್ಕೆ ಹೊಸದು ಬೆರೆಸಿ ಮಾರುವ ಪದ್ಧತಿ ಇತ್ತು. ಅದನ್ನು ಕಲಿತು ಬಂದು ಊರಿನಲ್ಲಿ ಬೆಳೆಸಿದರು. ಇಂಗ್ಲೆಂಡಿನವರು ಆಮೇಲೆ ಅದನ್ನು ಬಹುಮಟ್ಟಿಗೆ ಬಿಟ್ಟರು, ರೂಸೆಲಾರೆಯವರು ಬಿಡಲಿಲ್ಲ. ಈಗ ಅಲ್ಲಿ 294 ದೊಡ್ಡ ಓಕ್ ಪೀಪಾಯಿಗಳಿವೆ. ಸ್ಥಳೀಯ ಮಾತಿನಲ್ಲಿ ಅದಕ್ಕೆ ಫೂಡರ್ ಅನ್ನುತ್ತಾರೆ. ದೊಡ್ಡ ಫೂಡರ್ ಒಂದರಲ್ಲಿ 65,000 ಲೀಟರ್ ಹಿಡಿಯುತ್ತದೆ, ಕೆಲವು ಫೂಡರ್‌ಗಳಿಗೆ ನೂರೈವತ್ತು ವರ್ಷಕ್ಕೂ ಜಾಸ್ತಿ ವಯಸ್ಸು. ನೀವು ಗೆಂಟ್‌ನಲ್ಲೇ ಇದ್ದೀರಿ, ರೈಲಿನಲ್ಲಿ ಹೋಗಿಬರುವ ದೂರ, ಒಮ್ಮೆ ಹೋಗಿ ಆ ಸಾಲುಗಳ ನಡುವೆ ನಿಂತು ಬನ್ನಿ. ಎರಡಾಳೆತ್ತರದ ಮರದ ಗೋಡೆಗಳು ಎರಡೂ ಕಡೆ, ತಂಪು, ಸ್ವಲ್ಪ ಹುಳಿ ಬೆರೆತ ಮರದ ವಾಸನೆ. ಬಾಟಲಿಯೊಳಗೆ ಯಾವ ವಾಸನೆ ಹುಡುಕಬೇಕು ಎಂದು ಅಲ್ಲಿ ನಿಂತರೆ ಮೂಗಿಗೆ ತಾನಾಗಿ ಗೊತ್ತಾಗುತ್ತದೆ.

ಮರದ ಪೀಪಾಯಿ ಅಂದ ಕೂಡಲೇ ಜನ ವೆನಿಲಾ, ತೆಂಗಿನಕಾಯಿ, ಸುಟ್ಟ ಮರ ಎಂದೆಲ್ಲ ಹುಡುಕುತ್ತಾರೆ. ವಿಸ್ಕಿ ಕುಡಿದು ಬಂದ ಅಭ್ಯಾಸ. ಇಲ್ಲಿ ಅದನ್ನು ಹುಡುಕಬೇಡಿ. ನೂರು ವರ್ಷ ದುಡಿದ ಮರ ತನ್ನ ಘಮವನ್ನೆಲ್ಲ ಯಾವತ್ತೋ ಕೊಟ್ಟು ಮುಗಿಸಿದೆ. ಈಗ ಅದು ಮಾಡುವ ಕೆಲಸ ಎರಡೇ. ತನ್ನ ಸಂದಿಗಳಲ್ಲಿ ಯೀಸ್ಟ್, ಬ್ಯಾಕ್ಟೀರಿಯಾಗಳಿಗೆ ಮನೆ ಕೊಡುವುದು, ಮತ್ತು ಹೊರಗಿನ ಗಾಳಿಯನ್ನು ಚೂರು ಚೂರೇ ಒಳಗೆ ಬಿಡುವುದು. ಈ ಎರಡನೆಯದರಲ್ಲೇ ಎಲ್ಲ ಇರುವುದು. ಲ್ಯಾಕ್ಟಿಕ್ ಹುಳಿ ಕೊಡುವ ಬ್ಯಾಕ್ಟೀರಿಯಾಗಳಿಗೆ ಗಾಳಿ ಬೇಕಿಲ್ಲ. ವಿನೆಗರ್ ಮಾಡುವ ಅಸೆಟೊಬ್ಯಾಕ್ಟರ್‌ಗೆ ಗಾಳಿ ಬೇಕೇ ಬೇಕು. ಬ್ರೆಟನೊಮೈಸಿಸ್ ಎಂಬ ಇನ್ನೊಂದು ಯೀಸ್ಟ್ ಕೂಡ ಗಾಳಿ ಸಿಕ್ಕರೆ ಅದೇ ಹುಳಿಯನ್ನು ಸ್ವಲ್ಪ ಮಾಡುತ್ತದೆ. ಅಂದರೆ ಗಾಳಿ ಎಷ್ಟು ನುಗ್ಗಿತೋ ಮೂಗಿಗೆ ಹೊಡೆಯುವ ಹುಳಿ ಅಷ್ಟು. ಪೀಪಾಯಿ ದೊಡ್ಡದಾದಷ್ಟೂ ಒಂದೊಂದು ಲೀಟರ್ ಬಿಯರ್‌ಗೆ ತಾಗುವ ಮರ ಕಡಿಮೆ. ವೈನ್ ತುಂಬುವ 225 ಲೀಟರ್‌ನ ಸಣ್ಣ ಪೀಪಾಯಿಯನ್ನೂ 65,000 ಲೀಟರ್‌ನ ಫೂಡರನ್ನೂ ಒಂದೇ ಆಕಾರ ಎಂದುಕೊಂಡು ಲೆಕ್ಕ ಹಾಕಿದರೆ, ಫೂಡರ್‌ನಲ್ಲಿ ಲೀಟರ್‌ಗೆ ತಾಗುವ ಮರ ಆರೂವರೆ ಪಟ್ಟು ಕಡಿಮೆ. ಹಲಗೆ ದಪ್ಪ ಬೇರೆ. ಎರಡು ವರ್ಷ ಇಟ್ಟರೂ ಬಿಯರ್ ವಿನೆಗರ್ ಆಗದೆ ಉಳಿಯುವುದಕ್ಕೆ ಇದೇ ಕಾರಣ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮನೆಯಲ್ಲಿ 20 ಲೀಟರ್‌ನ ಪುಟ್ಟ ಓಕ್ ಪೀಪಾಯಿಯಲ್ಲಿ ಇದೇ ತರಹದ ಬಿಯರ್ ಇಟ್ಟಿದ್ದೆ. ನಾಲ್ಕನೇ ತಿಂಗಳಿಗೆ ಚೆನ್ನಾಗಿತ್ತು, ಹಣ್ಣಿನ ಘಮ ಏಳುತ್ತಿತ್ತು. ಇನ್ನೂ ಬೆಳೆಯಲಿ ಎಂದು ಬಿಟ್ಟೆ. ಒಂಬತ್ತನೇ ತಿಂಗಳಿಗೆ ಬಿರಡೆ ತೆಗೆದಾಗ ಕಣ್ಣಲ್ಲಿ ನೀರು ಬರುವಷ್ಟು ವಿನೆಗರ್. ಅಷ್ಟನ್ನೂ ಅಡುಗೆಗೆ ಬಳಸಬೇಕಾಯಿತು. ಬಹಳ ಬೇಜಾರಾದ ದಿನ ಅದು.

ಇನ್ನು ಬೆರೆಸುವ ವಿಷಯ. ಎರಡು ವರ್ಷದ ಹಳೆಯ ಬಿಯರ್ ಒಂದನ್ನೇ ಕುಡಿದರೆ ತೀರಾ ಹುಳಿ, ತೀರಾ ಒಣ. ಅದಕ್ಕೆ ಸಿಹಿ ಇನ್ನೂ ಉಳಿದಿರುವ ಎಳೆಯ ಬಿಯರ್ ಬೆರೆಸುತ್ತಾರೆ. ರೋಡನ್‌ಬಾಖ್ ಕ್ಲಾಸಿಕ್‌ನಲ್ಲಿ ಮುಕ್ಕಾಲು ಪಾಲು ಎಳೆಯದು, ಕಾಲು ಪಾಲು ಹಳೆಯದು, ಆಲ್ಕೋಹಾಲ್ 5.2%. ನಿಮಗೆ ಸಿಕ್ಕ ಗ್ರಾಂಡ್ ಕ್ರೂನಲ್ಲಿ ಉಲ್ಟಾ, ಮೂರರಲ್ಲಿ ಎರಡು ಪಾಲು ಹಳೆಯದು, ಒಂದು ಪಾಲು ಎಳೆಯದು, ಆಲ್ಕೋಹಾಲ್ 6%. ಗೆಳೆಯರು ಪ್ರೀತಿಯಿಂದ ಒಳ್ಳೆಯದನ್ನೇ ಕೊಟ್ಟಿದ್ದಾರೆ, ಆದರೆ ಮೊದಲ ಬಾರಿಗೆ ಕ್ಲಾಸಿಕ್ ಕೊಟ್ಟಿದ್ದರೆ ನಿಮಗೆ ಇಷ್ಟು ಗಾಬರಿ ಆಗುತ್ತಿರಲಿಲ್ಲ ಅನಿಸುತ್ತದೆ. ರುಚಿ ನೋಡಿ ಯಾವ ಫೂಡರ್‌ನದ್ದು ಎಷ್ಟು ಸೇರಬೇಕು ಎಂದು ತೀರ್ಮಾನಿಸುವವರ ನಾಲಿಗೆಯೇ ಆ ಕಾರ್ಖಾನೆಯ ಆಸ್ತಿ. ಏಕೆಂದರೆ ಒಂದೇ ದಿನ ತುಂಬಿದರೂ ಎರಡು ಫೂಡರ್ ಒಂದೇ ತರಹ ಬೆಳೆಯುವುದಿಲ್ಲ. ಒಂದು ಹಣ್ಣಾಗುತ್ತದೆ, ಪಕ್ಕದ್ದು ಹುಳಿಗೆ ಓಡುತ್ತದೆ.

ಸರಿ, ಈಗ ಕುಡಿಯುವುದಕ್ಕೆ ಬರೋಣ. ಹೊಸ ಬಾಟಲಿ ತನ್ನಿ. ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಹೊರಗಿಡಿ. 10ರಿಂದ 12 ಡಿಗ್ರಿ ಇದ್ದರೆ ಚೆನ್ನ. ಕೈಯಲ್ಲಿ ಹಿಡಿದರೆ ತಂಪು ಅನಿಸಬೇಕು, ಬೆರಳು ಮರಗಟ್ಟಬಾರದು. ಗ್ಲಾಸ್ ಹೊಟ್ಟೆ ಅಗಲ, ಬಾಯಿ ಕಿರಿದು ಇರಲಿ, ವೈನ್ ಗ್ಲಾಸ್ ಆದರೂ ನಡೆಯುತ್ತದೆ. ಸೋಪಿನ ವಾಸನೆ ಇರಬಾರದು. ಅದಕ್ಕೂ ಅರ್ಧ ಗಂಟೆ ಮೊದಲು ಕಾಫಿ, ಸಿಹಿ, ಖಾರ ಏನೂ ಬೇಡ. ಒಂದು ತುಂಡು ಸಪ್ಪೆ ಬ್ರೆಡ್, ನೀರು, ಸಾಕು. ಗ್ಲಾಸಿನ ಮೂರನೇ ಒಂದು ಭಾಗ ಮಾತ್ರ ಸುರಿಯಿರಿ.

ಕಣ್ಣಿನಿಂದ ನೋಡುವುದರಲ್ಲಿ ಜಾಸ್ತಿ ಹೊತ್ತು ಕಳೆಯಬೇಡಿ. ಹಾಗೇ ನೋಡಿದರೆ ಕಂದು, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಪುನರ್ಪುಳಿ ಶರಬತ್ತಿನ ಕೆಂಪು. ಬಣ್ಣ ಬಂದಿರುವುದು ಹುರಿದ ಮಾಲ್ಟ್‌ನಿಂದ, ಹಣ್ಣಿನಿಂದಲ್ಲ. ನೊರೆ ಬೇಗ ಇಳಿದರೆ ಗಾಬರಿ ಬೇಡ, ಇಂಥ ಬಿಯರ್‌ಗಳಲ್ಲಿ ಅದು ಸಾಮಾನ್ಯ.

ಮೂಗಿಗೆ ಮಾತ್ರ ಹೊತ್ತು ಕೊಡಿ. ಮೊದಲು ಗ್ಲಾಸ್ ಅಲ್ಲಾಡಿಸದೆ, ಮೂಗಿನಿಂದ ಒಂದು ಗೇಣು ದೂರ ಹಿಡಿದು ಸಣ್ಣದಾಗಿ ಎರಡು ಸಲ ಉಸಿರೆಳೆದುಕೊಳ್ಳಿ. ಜೋರಾಗಿ ಎಳೆದರೆ ವಿನೆಗರ್ ಮೊದಲು ನುಗ್ಗಿ ಮೂಗನ್ನು ಮಂಕು ಮಾಡಿಬಿಡುತ್ತದೆ. ದೂರದಿಂದ ಮೊದಲು ಬರುವುದು ಹಣ್ಣು. ಹುಳಿ ಚೆರಿ ಅನ್ನುತ್ತಾರೆ ಅಲ್ಲಿನವರು. ನನ್ನ ಮೂಗಿಗೆ ನೆನೆಸಿದ ಒಣದ್ರಾಕ್ಷಿ, ಪೂರ್ತಿ ಮಾಗಿದ ನೇರಳೆ. ಈ ಬಿಯರ್‌ಗೆ ಚೆರಿಯನ್ನೇನೂ ಹಾಕಿಲ್ಲ. ಹುಳಿಗಳೂ ಆಲ್ಕೋಹಾಲೂ ವರ್ಷಗಟ್ಟಲೆ ಜೊತೆಗಿದ್ದು ಎಸ್ಟರ್ ಎಂಬ ಹಣ್ಣಿನ ಘಮದ ಪದಾರ್ಥಗಳು ಹುಟ್ಟಿಕೊಂಡಿವೆ, ಬ್ರೆಟನೊಮೈಸಿಸ್ ಅದಕ್ಕೆ ಕೈಜೋಡಿಸಿದೆ. ಆಮೇಲೆ ಗ್ಲಾಸನ್ನು ಒಂದು ಸುತ್ತು ತಿರುಗಿಸಿ, ಹತ್ತಿರ ತನ್ನಿ. ಈಗ ಆ ಮೂಗಿಗೆ ಹೊಡೆಯುವ ಹುಳಿ ಬರುತ್ತದೆ. ಎಷ್ಟಿದೆ ನೋಡಿ. ಹಣ್ಣನ್ನು ಎತ್ತಿ ಕೊಡುವಷ್ಟು ಇದ್ದರೆ ಸರಿ. ಹಣ್ಣನ್ನು ಮುಚ್ಚಿಹಾಕಿದರೆ ಜಾಸ್ತಿ. ಅದರ ಹಿಂದೆ ಹಳೆಯ ಮರದ ಪೆಟ್ಟಿಗೆ ತೆರೆದಾಗಿನ ವಾಸನೆ, ಸ್ವಲ್ಪ ತೊಗಲಿನ ವಾಸನೆ. ಇದು ಬ್ರೆಟನೊಮೈಸಿಸ್‌ನ ಕೆಲಸ. ಈ ಯೀಸ್ಟನ್ನು ಮೊದಲು ಗುರುತಿಸಿದ್ದು ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಕ್ಲೌಸನ್, 1904ರಲ್ಲಿ, ಅದೂ ಇಂಗ್ಲೆಂಡಿನ ಬಿಯರ್‌ನಲ್ಲಿ. ಹಾಗಾಗಿಯೇ ಅದರ ಹೆಸರಿನಲ್ಲಿ ಬ್ರಿಟನ್ ಇದೆ. ಯುಜೀನ್ ಇಂಗ್ಲೆಂಡಿನಿಂದ ಕಲಿತು ತಂದ ಪದ್ಧತಿಯ ಬೆನ್ನಿಗೆ ಇದ್ದದ್ದೂ ಇದೇ ಯೀಸ್ಟ್.

ಮೊದಲ ಗುಟುಕನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇದು ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು. ಮೊದಲ ಗುಟುಕಿಗೆ ನಾಲಿಗೆ ಬೆಚ್ಚಿಬೀಳುತ್ತದೆ, ಜೊಲ್ಲು ಸುರಿಯುತ್ತದೆ, ಹುಳಿ ಒಂದೇ ಕಾಣುತ್ತದೆ. ಅದನ್ನು ನುಂಗಿ ಒಂದು ನಿಮಿಷ ಸುಮ್ನೆ ಇರಿ. ಎರಡನೇ ಗುಟುಕು ಸ್ವಲ್ಪ ದೊಡ್ಡದಾಗಿ ತೆಗೆದುಕೊಂಡು ಬಾಯೊಳಗೆ ಎಲ್ಲ ಕಡೆ ಆಡಿಸಿ, ಅವಸರ ಬೇಡ. ಈಗ ಒಂದರ ಹಿಂದೆ ಒಂದು ಬರುತ್ತವೆ. ಮೊದಲು ಮಾಲ್ಟ್‌ನ ಸಿಹಿ, ಕಂದುತ್ತಿರುವ ಸಕ್ಕರೆ ಪಾಕದ ಹಾಗೆ, ಕ್ಷಣ ಹೊತ್ತು. ಅದನ್ನು ಸೀಳಿಕೊಂಡು ಮೊಸರಿನ ಹುಳಿ, ದುಂಡಗೆ. ನುಂಗುವಾಗ ಗಂಟಲ ಹತ್ತಿರ ವಿನೆಗರ್‌ನ ಸಣ್ಣ ಚುರುಕು. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಆಗ ಮತ್ತೆ ಹಣ್ಣು. ಕೊನೆಗೆ ಒಸಡಿನ ಮೇಲೆ ತೆಳ್ಳಗೆ ಒಗರು. ಕಹಿ ಎಲ್ಲಿದೆ ಎಂದು ಹುಡುಕಬೇಡಿ, ಹಾಪ್ಸ್ ಇದರಲ್ಲಿ ಬಹಳ ಕಡಿಮೆ. ಸಾಮಾನ್ಯ ಬಿಯರ್‌ನಲ್ಲಿ ಕಹಿ ಮಾಡುವ ಕೆಲಸವನ್ನು, ಅಂದರೆ ಸಿಹಿಯನ್ನು ತಡೆದು ಹಿಡಿಯುವುದನ್ನು, ಇಲ್ಲಿ ಹುಳಿ ಮಾಡುತ್ತದೆ. ಕಹಿಯೂ ಹುಳಿಯೂ ಎರಡೂ ಜೋರಾದರೆ ಬಾಯಿಗೆ ಹಿಡಿಸುವುದಿಲ್ಲ, ಹಾಗಾಗಿ ಒಂದನ್ನು ಹಿಂದಿಟ್ಟಿದ್ದಾರೆ.

ಮೂರನೇ ಗುಟುಕನ್ನು ಹತ್ತು ನಿಮಿಷ ಬಿಟ್ಟು ಕುಡಿಯಿರಿ. ಗ್ಲಾಸ್ ಬೆಚ್ಚಗಾಗುತ್ತಾ ಹೋದ ಹಾಗೆ ಸಿಹಿ, ಘಮ ಎರಡೂ ಬಿಚ್ಚಿಕೊಳ್ಳುತ್ತವೆ. ನನ್ನ ಮಟ್ಟಿಗೆ ಈ ಬಿಯರ್‌ನ ಅತ್ಯುತ್ತಮ ಘಳಿಗೆ ಗ್ಲಾಸ್‌ನಲ್ಲಿ ಎರಡು ಬೆರಳಷ್ಟು ಉಳಿದಿರುವಾಗ.

ಹಾಗಾದರೆ ನಿಜವಾಗಿ ಕೆಟ್ಟದ್ದು ಹೇಗೆ ಗೊತ್ತಾಗುತ್ತದೆ? ಕೆಲವು ಗುರುತು ಹೇಳುತ್ತೇನೆ. ಉಗುರಿನ ಬಣ್ಣ ತೆಗೆಯುವ ದ್ರವದ ವಾಸನೆ ಬಂದರೆ ಅದು ಈಥೈಲ್ ಅಸಿಟೇಟ್. ವಿನೆಗರ್ ಹುಳಿಯೂ ಆಲ್ಕೋಹಾಲೂ ಸೇರಿ ಆಗುವಂಥದ್ದು. ಎಲ್ಲೋ ಹಿಂದೆ ಚೂರು ಇದ್ದರೆ ಹಣ್ಣಿನ ಹಾಗೆ ಇರುತ್ತದೆ, ಮುಂದೆ ಬಂದು ನಿಂತರೆ ದೋಷ. ವಾಂತಿಯ ವಾಸನೆ ಬಂದರೆ ಅದು ಬ್ಯುಟಿರಿಕ್ ಆಮ್ಲ, ಚೂರೂ ಇರಬಾರದು. ಬೆಣ್ಣೆಯ ಘಮ ಜೋರಾಗಿದ್ದರೆ, ಅಥವಾ ಸುರಿಯುವಾಗ ಗಂಜಿಯ ಲೋಳೆಯ ಹಾಗೆ ಎಳೆ ಎಳೆಯಾಗಿ ಇಳಿದರೆ, ಪೀಡಿಯೊಕಾಕಸ್ ಎಂಬ ಬ್ಯಾಕ್ಟೀರಿಯಾ ಕೆಲಸ ಮಾಡಿ ಹೋಗಿದೆ, ಆದರೆ ಅದರ ಹಿಂದೆ ಬ್ರೆಟನೊಮೈಸಿಸ್ ಬಂದು ಗುಡಿಸಿ ಸ್ವಚ್ಛ ಮಾಡುವಷ್ಟು ಹೊತ್ತು ಬಿಟ್ಟಿಲ್ಲ ಎಂದರ್ಥ. ಎಲ್ಲಕ್ಕಿಂತ ಮೋಸದ್ದು ಇಲಿ ಗೂಡಿನ ವಾಸನೆ. ಗ್ಲಾಸಿಗೆ ಮೂಗಿಟ್ಟರೆ ಏನೂ ಗೊತ್ತಾಗುವುದಿಲ್ಲ. ಕುಡಿಯುವಾಗಲೂ ಇಲ್ಲ. ನುಂಗಿ ಹತ್ತು ಹದಿನೈದು ಸೆಕೆಂಡ್ ಆದ ಮೇಲೆ, ಜೊಲ್ಲು ಬೆರೆತು ಬಾಯಿಯ ಹುಳಿ ಇಳಿದ ಮೇಲೆ, ನಾಲಿಗೆಯ ಹಿಂಬದಿಯಲ್ಲಿ ಮುಗ್ಗಲು ಹಿಡಿದ ಕಾಳು, ಇಲಿ ಓಡಾಡಿದ ಉಗ್ರಾಣದ ರುಚಿ ಏಳುತ್ತದೆ. ಕೆಲವರಿಗೆ ಅದು ಗೊತ್ತೇ ಆಗುವುದಿಲ್ಲ, ಗೊತ್ತಾಗುವವರಿಗೆ ಇನ್ನೊಂದು ಗುಟುಕು ಕುಡಿಯಲಾಗುವುದಿಲ್ಲ. ನಿಮ್ಮ ವಿವರಣೆಯಲ್ಲಿ ಇದ್ಯಾವುದೂ ಇಲ್ಲ, ಹಾಗಾಗಿಯೇ ಧೈರ್ಯವಾಗಿ ಕೆಟ್ಟಿಲ್ಲ ಅಂದೆ.

ಒಂದೇ ಬಿಯರ್ ಕುಡಿದು ಈ ಜಾತಿಯನ್ನು ಅಳೆಯುವುದೂ ಸರಿಯಲ್ಲ. ಅದೇ ಪಶ್ಚಿಮ ಫ್ಲಾಂಡರ್ಸ್‌ನ ವಿಖ್ತೆ ಎಂಬ ಊರಿನಲ್ಲಿ ವರ್‌ಹಾಘೆ ಕುಟುಂಬ 1885ರಿಂದ ಬಿಯರ್ ಮಾಡುತ್ತಿದೆ. ಅವರ ಡುಶೆಸ್ ದ ಬೂರ್ಗೋನ್ಯ 6.2%, ಕುದುರೆಯಿಂದ ಬಿದ್ದು 1482ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡ ಬರ್ಗಂಡಿಯ ಮೇರಿಯ ಹೆಸರು ಅದಕ್ಕೆ, ಲೇಬಲ್ ಮೇಲೆ ಗಿಡುಗ ಹಿಡಿದ ಅವಳ ಚಿತ್ರವೂ ಇದೆ. ಅದರಲ್ಲಿ ವಿನೆಗರ್ ಎದ್ದು ಕಾಣುತ್ತದೆ, ಆದರೆ ಸಿಹಿಯೂ ಅಷ್ಟೇ ಜಾಸ್ತಿ. ಹುಣಸೆ ಬೆಲ್ಲ ಎರಡೂ ಧಾರಾಳವಾಗಿ ಬಿದ್ದ ಗೊಜ್ಜಿನ ಹಾಗೆ. ನಮ್ಮ ಊರಿನ ಕಡೆಯವರಿಗೆ ಇದು ಬೇಗ ಹಿಡಿಸುವುದನ್ನು ನೋಡಿದ್ದೇನೆ. ನನಗೆ ಒಂದು ಗ್ಲಾಸ್ ಆದ ಮೇಲೆ ಸಿಹಿ ಜಾಸ್ತಿ ಅನಿಸುತ್ತದೆ, ಅದು ನನ್ನ ನಾಲಿಗೆ. ಪೂರ್ವ ಫ್ಲಾಂಡರ್ಸ್‌ಗೆ, ಔದನಾರ್ಡೆ ಕಡೆಗೆ ಬಂದರೆ ಲೀಫ್‌ಮನ್ಸ್ ಗೌಡನ್‌ಬಾಂಡ್ ಸಿಗುತ್ತದೆ, 8%. ಬಣ್ಣ ಇನ್ನೂ ಕಂದು. ಅದನ್ನು ಮರದಲ್ಲಿ ಇಡುವುದಿಲ್ಲ, ಸ್ಟೀಲ್ ಟ್ಯಾಂಕ್‌ನಲ್ಲಿ ಬೆಳೆಸುತ್ತಾರೆ. ಗಾಳಿ ಇಲ್ಲ, ಹಾಗಾಗಿ ಮೂಗಿಗೆ ಹೊಡೆಯುವ ಹುಳಿ ಇಲ್ಲವೆನ್ನುವಷ್ಟು ಕಡಿಮೆ. ನಾನು ಮರದ ಬಗ್ಗೆ ಹೇಳಿದ್ದೆಲ್ಲ ಸರಿಯೇ ಎಂದು ನಿಮ್ಮ ನಾಲಿಗೆಯಲ್ಲೇ ಪರೀಕ್ಷೆ ಮಾಡಲು ಇದಕ್ಕಿಂತ ಒಳ್ಳೆಯ ಬಾಟಲಿ ಇಲ್ಲ. ಲೀಫ್‌ಮನ್ಸ್‌ನಲ್ಲಿ ಕಾರ್ಯದರ್ಶಿಯಾಗಿ ಸೇರಿದ ರೋಸಾ ಮರ್ಕ್ಸ್ ಎಂಬ ಹೆಣ್ಣುಮಗಳು ಮುಂದೆ ಅಲ್ಲಿನ ಬ್ರೂಮಾಸ್ಟರ್, ಅಂದರೆ ಬಿಯರ್ ಮಾಡುವವರ ಮುಖ್ಯಸ್ಥೆ, ಆದರು. ಆ ಕಾಲಕ್ಕೆ ಅದು ಸಣ್ಣ ವಿಷಯವಲ್ಲ.

ಜೊತೆಗೆ ಏನು ತಿನ್ನಬೇಕು? ಚಾಕೊಲೇಟ್ ಬೇಡ, ಅದು ಈಗಾಗಲೇ ಗೊತ್ತಾಗಿದೆ. ಕೊಬ್ಬು, ಉಪ್ಪು ಇರುವುದು ಬೇಕು. ಗಟ್ಟಿ ಚೀಸ್, ಎಣ್ಣೆಯಲ್ಲಿ ಕರಿದ ಆಲೂಗಡ್ಡೆ, ಮೀನು. ಅಲ್ಲಿನವರು ಸಣ್ಣ ಬೂದು ಸೀಗಡಿ ತುಂಬಿದ ಟೊಮ್ಯಾಟೊ ಜೊತೆ ಕುಡಿಯುತ್ತಾರೆ. ಅದು ನನಗೆ ಬಹಳ ಇಷ್ಟ. ನಮ್ಮ ಅಡುಗೆಯಲ್ಲಿ ನೀವು ಮಾಡಿಕೊಳ್ಳುವುದಾದರೆ ಈರುಳ್ಳಿ ಪಕೋಡ, ಅಥವಾ ಹುರಿದ ಬಂಗುಡೆ. ಹಸಿಮೆಣಸಿನ ಖಾರ ಜಾಸ್ತಿಯಾದರೆ ಹುಳಿ ಬಾಯನ್ನು ಇನ್ನಷ್ಟು ಉರಿಸುತ್ತದೆ, ಸ್ವಲ್ಪ ಕೈ ಬಿಗಿ ಹಿಡಿಯಿರಿ.

ಈಗ ಅಂಗಡಿಗೆ ಹೋದಾಗ ಹೀಗೆ ಮಾಡಿ. ರೋಡನ್‌ಬಾಖ್ ಕ್ಲಾಸಿಕ್ ಒಂದು, ಗ್ರಾಂಡ್ ಕ್ರೂ ಒಂದು ತನ್ನಿ. ಎರಡನ್ನೂ ಅಕ್ಕಪಕ್ಕ ಸುರಿಯಿರಿ, ಕ್ಲಾಸಿಕ್‌ನಿಂದ ಶುರುಮಾಡಿ. ಮನೆ ಒಂದೇ, ಬದಲಾಗಿರುವುದು ಮುಖ್ಯವಾಗಿ ಹಳೆಯದು ಎಳೆಯದರ ಪಾಲು. ಹಾಗಾಗಿ ಎರಡನೇ ಗ್ಲಾಸ್‌ನಲ್ಲಿ ಹೊಸದಾಗಿ ಏನು ಸಿಕ್ಕಿತೋ ಅದು ಫೂಡರ್‌ನ ಎರಡು ವರ್ಷ. ಇನ್ನೊಂದು ದಿನ ಡುಶೆಸ್ ಮತ್ತು ಗೌಡನ್‌ಬಾಂಡ್ ಅಕ್ಕಪಕ್ಕ ಇಡಿ, ಆಗ ಗಾಳಿ ತಾಗಿದ ಹುಳಿ, ತಾಗದ ಹುಳಿ ಎದುರುಬದುರು ನಿಲ್ಲುತ್ತವೆ. ಒಂದೇ ಸಂಜೆ ನಾಲ್ಕೂ ಬೇಡ. ಮೂರನೆಯದಕ್ಕೆ ಬರುವಷ್ಟರಲ್ಲಿ ಹುಳಿಗೆ ನಾಲಿಗೆ ಸೋತಿರುತ್ತದೆ, ಆಲ್ಕೋಹಾಲೂ ಕಡಿಮೆಯೇನಿಲ್ಲ. ಹಲ್ಲು ಜುಮ್ಮೆನ್ನುವ ತೊಂದರೆ, ಎದೆಯುರಿ ಇರುವವರು ಅರ್ಧ ಗ್ಲಾಸ್‌ಗೇ ನಿಲ್ಲಿಸುವುದು ಒಳ್ಳೆಯದು.

ಫ್ರಿಜ್‌ನಲ್ಲಿರುವ ಆ ಅರ್ಧ ಬಾಟಲಿಯ ಗ್ಯಾಸ್ ಹೋಗಿರುತ್ತದೆ, ಇನ್ನು ಕುಡಿಯಲು ಬೇಡ, ಚೆಲ್ಲಲೂ ಬೇಡ. ಫ್ಲಾಂಡರ್ಸ್‌ನಲ್ಲಿ ಅದರಿಂದ ಸ್ಟೋಫ್‌ವ್ಲೇಸ್ ಮಾಡುತ್ತಾರೆ. ಅವರು ಗೋಮಾಂಸದಲ್ಲಿ ಮಾಡುವುದು, ಮಟನ್‌ನಲ್ಲೂ ಚೆನ್ನಾಗಿ ಬರುತ್ತದೆ. ಬೆಣ್ಣೆಯಲ್ಲಿ ಮಾಂಸದ ತುಂಡುಗಳನ್ನು ಕಂದಾಗುವವರೆಗೆ ಹುರಿದು ಪಕ್ಕಕ್ಕಿಡಿ. ಅದೇ ಪಾತ್ರೆಯಲ್ಲಿ ನಾಲ್ಕು ಈರುಳ್ಳಿ ನಿಧಾನವಾಗಿ ಬಾಡಿಸಿ, ಮಾಂಸ ಸೇರಿಸಿ, ಬಿಯರ್ ಪೂರ್ತಿ ಸುರಿಯಿರಿ, ಸಾಲದಿದ್ದರೆ ನೀರು. ಒಂದು ಬ್ರೆಡ್ ತುಂಡಿಗೆ ಸಾಸಿವೆ ಪೇಸ್ಟ್ ಸವರಿ ಮೇಲೆ ಬೋರಲು ಹಾಕಿ ಮುಚ್ಚಿ, ಸಣ್ಣ ಉರಿಯಲ್ಲಿ ಎರಡು ಎರಡೂವರೆ ಗಂಟೆ. ಬ್ರೆಡ್ ಕರಗಿ ಗೊಜ್ಜು ಗಟ್ಟಿಯಾಗುತ್ತದೆ. ಇಳಿಸುವ ಮೊದಲು ಒಂದು ಚಮಚ ರುಚಿ ನೋಡಿ. ಹುಳಿ ಮುಂದಿದ್ದರೆ ಚೂರು ಬೆಲ್ಲ ಹಾಕಿ.